ಗಾನಯೋಗಿ ಪಂಚಾಕ್ಷರ ಗವಾಯಿಗಳವರ ಮನನ

ಶ್ರಾವಣ ಬಂತೆಂದರೆ ಗದಗ-ಬೆಟಗೇರಿಯಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಊರೂರಲ್ಲಿ ಪುರಾಣ ಹಚ್ಚುತ್ತಾರೆ. ವೇದಿಕೆಯ ನಡುವೆ ಶಾಸ್ತ್ರಿಗಳು, ಒಂದು ಬದಿಗೆ ಹಾರ್ಮೋನಿಯಂ ಹಿಡಿದ ಗವಾಯಿಗಳು, ಇನ್ನೊಂದು ಬದಿಗೆ ತಬಲಾ. ಆ ಗವಾಯಿಗಳು ಎಲ್ಲಿ ಕಲಿತವರೆಂದು ವಿಚಾರಿಸಿದರೆ ಬಹಳ ಸಲ ಬರುವ ಉತ್ತರ ಗದಗಿನ ವೀರೇಶ್ವರ ಪುಣ್ಯಾಶ್ರಮವೆಂದೇ. ಅವರಲ್ಲಿ ಎಷ್ಟೋ ಮಂದಿಗೆ ಕಣ್ಣಿಲ್ಲ, ಮುಂದೆ ಪುಸ್ತಕವೂ ಇಲ್ಲ. ಆದರೂ ಶಾಸ್ತ್ರಿಗಳು ಒಂದು ವಿಷಯ ಎತ್ತಿದೊಡನೆ ಅದಕ್ಕೆ ಹೊಂದುವ ವಚನವೋ ತತ್ವಪದವೋ ಅವರ ಕಂಠದಿಂದ ತಾನಾಗಿ ಹೊರಡುತ್ತದೆ. ಈ ಶಕ್ತಿಯ ಮೂಲವನ್ನು ತಿಳಿಯಬೇಕಾದರೆ ನಾವು ಪರಮಪೂಜ್ಯ ಪಂಚಾಕ್ಷರ ಗವಾಯಿಗಳವರ ಜೀವನವನ್ನು ನೆನೆಯಬೇಕು.

ಪೂಜ್ಯರು ಜನಿಸಿದ್ದು 1892ರ ಫೆಬ್ರುವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗಿಟ್ಟ ಹೆಸರು ಗದಿಗೆಯ್ಯ. ಹುಟ್ಟುಗುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಆ ಕಾಲದ ಹಳ್ಳಿಯಲ್ಲಿ, ಬಡ ಮನೆಯಲ್ಲಿ, ಇಬ್ಬರು ಕುರುಡು ಮಕ್ಕಳೆಂದರೆ ಹೆತ್ತವರ ಹೊಟ್ಟೆಯಲ್ಲಿ ಎಂಥ ಸಂಕಟ ಎದ್ದಿರಬೇಕು ಎಂಬುದನ್ನು ಹಿರಿಯರಾದ ತಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಬ್ಬರಿಗೂ ಶಿವನು ಕಂಠ ಕೊಟ್ಟಿದ್ದನು. ಕೇಳಿದ್ದನ್ನು ಕೇಳಿದಂತೆಯೇ ಹಾಡುವ ಆ ಮಕ್ಕಳು ಹಾನಗಲ್ಲ ಕುಮಾರ ಮಹಾಸ್ವಾಮಿಗಳವರ ದೃಷ್ಟಿಗೆ ಬಿದ್ದರು. 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರು. ತಾಳೆಗರಿಯಲ್ಲಿ ಹುಳ ಹಿಡಿಯುತ್ತಿದ್ದ ಧರ್ಮಗ್ರಂಥಗಳನ್ನು ಉಳಿಸಿದಂತೆಯೇ ಈ ಮಕ್ಕಳನ್ನೂ ಉಳಿಸಿದರು. ಗದಿಗೆಯ್ಯನು ಪಂಚಾಕ್ಷರಿಯಾದನು. ಮಂತ್ರವೇ ಹೆಸರಾಯಿತು.

ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತವನ್ನು ಕಲಿಸಿದ್ದಾಯಿತು. ಹಿಂದುಸ್ತಾನಿ ಪದ್ಧತಿಯೂ ಕರಗತವಾಯಿತು. ಎರಡರಲ್ಲಿಯೂ ಪ್ರಭುತ್ವವಿದ್ದುದರಿಂದ ಅವರನ್ನು ಉಭಯ ಗಾಯನಾಚಾರ್ಯರೆಂದು ಕರೆದರು. ಇದು ಎಲ್ಲರೂ ಬಲ್ಲ ಸಂಗತಿ. ನಾವು ಇಲ್ಲಿ ಹೇಳಬೇಕೆಂದಿರುವುದು ಬೇರೆ.

ಶ್ರವಣ, ಮನನ, ನಿದಿಧ್ಯಾಸನ ಎಂದು ಹಿರಿಯರು ಮೂರು ಮೆಟ್ಟಿಲು ಹೇಳಿದ್ದಾರೆ. ಕಣ್ಣಿದ್ದವರಾದ ನಾವು ಮೊದಲನೆಯ ಮೆಟ್ಟಿಲಲ್ಲಿಯೇ ನಿಂತುಬಿಡುತ್ತೇವೆ. ಮನೆಯಲ್ಲಿ ಪುಸ್ತಕವಿದೆ, ಬೇಕಾದಾಗ ನೋಡಿದರಾಯಿತು ಎಂಬ ಧೈರ್ಯ. ಆ ಪುಸ್ತಕವೋ ಕೆಂಪು ವಸ್ತ್ರ ಸುತ್ತಿಕೊಂಡು ಜಗಲಿಯ ಮೇಲೆ ಕೂತಿರುತ್ತದೆ, ವರ್ಷಕ್ಕೊಮ್ಮೆ ವಿಭೂತಿ, ಹೂವು! ಕಣ್ಣಿಲ್ಲದವನಿಗೆ ಆ ಅನುಕೂಲವಿಲ್ಲ. ಬಲ್ಲವರೊಬ್ಬರು ಓದಿ ಹೇಳಬೇಕು, ಅವನು ಕಿವಿಗೊಟ್ಟು ಹಿಡಿಯಬೇಕು. ಹಿಡಿದದ್ದನ್ನು ಹತ್ತು ಸಲ, ನೂರು ಸಲ ಒಳಗೇ ಹೊರಳಿಸಬೇಕು. ಇಲ್ಲದಿದ್ದರೆ ಅದು ಉಳಿಯುವುದಿಲ್ಲ. ಆದ್ದರಿಂದ ಅವನಿಗೆ ಮನನವೆಂಬುದು ಬೇಕಾದರೆ ಮಾಡುವ, ಬೇಡವಾದರೆ ಬಿಡುವ ಸಾಧನೆಯಲ್ಲ. ಅವನ ಗ್ರಂಥಭಂಡಾರವೇ ಅದು. ವಚನವನ್ನು ಹಾಡುವುದಂತೂ ಇನ್ನೂ ಕಠಿಣ. ಪದ್ಯಕ್ಕಿರುವಂತೆ ಅದಕ್ಕೆ ಮಾತ್ರೆ-ಗಣಗಳ ಕಟ್ಟಿಲ್ಲ. ಎಲ್ಲಿ ನಿಲ್ಲಿಸಬೇಕು, ಯಾವ ಶಬ್ದವನ್ನು ಎಳೆಯಬೇಕು ಎಂಬುದನ್ನು ಅರ್ಥವೇ ತೋರಿಸಬೇಕು. ಅರ್ಥ ತಿಳಿಯದೆ ಹಾಡಿದರೆ ರಾಗ ಉಳಿಯುತ್ತದೆ, ವಚನ ಸಾಯುತ್ತದೆ. ಗವಾಯಿಗಳವರು ವಚನಗಾಯನಕ್ಕೆ ಈ ನಾಡಿನಲ್ಲಿ ತಂದ ಗೌರವದ ಹಿಂದೆ ಇದ್ದದ್ದು ಈ ಮನನವೇ ಎಂದು ನಾವು ನಂಬುತ್ತೇವೆ. ಕಣ್ಣಿಗೆ ಪೊರೆ ಬಂತು, ಇನ್ನು ಓದಾಗುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ಹಲುಬುವ ಹಿರಿಯರು ಇದನ್ನು ಸ್ವಲ್ಪ ಆಲೋಚಿಸಬೇಕು. ಮೊಮ್ಮಗ ಓದಲಿ, ನೀವು ಕೇಳಿರಿ.

ಮನನ ಮಾಡಿದ್ದು ದಾರಿಯನ್ನೂ ತೋರಿತು. ಗವಾಯಿಗಳವರಿಗಿದ್ದ ವಿದ್ಯೆಗೆ ಅರಮನೆಗಳ ಮನ್ನಣೆ, ಕಚೇರಿಗಳ ಹಣ ದುರ್ಲಭವಾಗಿರಲಿಲ್ಲ. ಅವರು ಆರಿಸಿಕೊಂಡದ್ದು ಜೋಳಿಗೆಯನ್ನು. ತಮ್ಮಂತೆ ಕಣ್ಣಿಲ್ಲದವರನ್ನು, ಅನಾಥರನ್ನು ಜಾತಿ ಕೇಳದೆ ಕೂಡಿಸಿಕೊಂಡು, ಅನ್ನವಿಕ್ಕಿ, ಸಂಗೀತ ಕಲಿಸುವ ಸಂಚಾರಿ ಪಾಠಶಾಲೆಯನ್ನು ನಡೆಸಿದರು. ಇಂದು ಈ ಊರು, ನಾಳೆ ಆ ಊರು. ಭಕ್ತರು ಕೊಟ್ಟ ಜೋಳವೇ ಆಧಾರ. ದಾಸೋಹವೆಂಬ ಶಬ್ದವನ್ನು ವೇದಿಕೆಯ ಮೇಲೆ ಹಾಡುವುದು ಸುಲಭ. ಸಂಜೆಗೆ ಮಕ್ಕಳ ಪಂಕ್ತಿ ಕೂತಾಗ ಬುಟ್ಟಿಯಲ್ಲಿ ರೊಟ್ಟಿ ಇರಬೇಕಲ್ಲ!

1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಬೆನ್ನಿಗಿದ್ದ ಬೆಟ್ಟವೇ ಸರಿದಂತಾಯಿತು. ಪಾಠಶಾಲೆಯನ್ನು ಮುಚ್ಚಿ ಮಕ್ಕಳನ್ನು ಅವರವರ ಊರಿಗೆ ಕಳಿಸಿದ್ದರೆ ಆಗ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅನಾಥ ಮಗುವಿಗೆ ಊರೆಲ್ಲಿಯದು? ಗವಾಯಿಗಳವರು ಮುಚ್ಚಲಿಲ್ಲ. ಗುರುವಿನ ಹೆಸರಿನಲ್ಲಿ ನಾಟ್ಯಸಂಘವನ್ನು ಕಟ್ಟಿ, ಅದರ ಗಳಿಕೆಯಿಂದಲೂ ಮಕ್ಕಳನ್ನು ಸಾಕಿದರು. ವಿರಕ್ತರಿಗೆ ನಾಟಕವೇಕೆ ಎಂದು ಕೇಳುವವರು ಯಾವ ಕಾಲಕ್ಕೂ ಇರುತ್ತಾರೆ. ಹಸಿದ ಮಗುವಿನ ಮುಂದೆ ಆ ಪ್ರಶ್ನೆಗೆ ಬೆಲೆಯಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕೊನೆಗೆ ನೆಲೆ ದೊರೆತದ್ದು ಗದಗಿನಲ್ಲಿ. ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ಜಾಗೆ ಕೊಟ್ಟರು. ಅವರ ನೆನಪಿಗಾಗಿಯೇ ಆಶ್ರಮಕ್ಕೆ ವೀರೇಶ್ವರನ ಹೆಸರು. 1942ರ ಆ ಕಾಲವಾದರೂ ಎಂಥದು! ಮಹಾಯುದ್ಧ ನಡೆದಿತ್ತು, ಕಾಳು-ಕಡಿ ತುಟ್ಟಿಯಾಗಿದ್ದವು. ಪಕ್ಕದ ವಿಜಾಪುರ ಸೀಮೆಯಲ್ಲಿ 1942-43ರ ಬರ ಬಿದ್ದಿತು. ಉಳ್ಳವರೇ ಕಣಜದ ಬಾಯಿ ಮುಚ್ಚಿಕೊಂಡ ಹೊತ್ತಿನಲ್ಲಿ ಒಬ್ಬ ಕುರುಡ ಸನ್ಯಾಸಿ ಹತ್ತಾರು ಕುರುಡು ಮಕ್ಕಳಿಗಾಗಿ ಒಲೆ ಹೂಡಿದರು. ಅಂಕೆ-ಸಂಖ್ಯೆ ಹಾಕಿ ನೋಡುವ ಬುದ್ಧಿಗೆ ಈ ಧೈರ್ಯ ಬಗೆಹರಿಯದು. ವರ್ಷಾನುಗಟ್ಟಲೆ ಶರಣರ ಮಾತನ್ನು ಉಸಿರಿನೊಂದಿಗೆ ಬೆರೆಸಿಕೊಂಡವನಿಗೆ ಮಾತ್ರ ಅದು ಸಹಜ.

ಅವರ ಕೈಯಲ್ಲಿ ಪಳಗಿದವರಲ್ಲಿ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರಂಥವರ ಹೆಸರು ದೇಶವೇ ಬಲ್ಲದು. ಆದರೆ ಹೆಸರಾಗದೆ ಹಳ್ಳಿಯ ಮಠಗಳಲ್ಲಿ, ಭಜನಾ ಮೇಳಗಳಲ್ಲಿ ಹಾಡಿ ಬದುಕು ಕಟ್ಟಿಕೊಂಡವರ ಸಂಖ್ಯೆ ದೊಡ್ಡದು. ನಮಗೆ ಇವರೇ ಹೆಚ್ಚಿನವರಾಗಿ ತೋರುತ್ತಾರೆ. ಭಿಕ್ಷೆಗೆ ಕೈ ಚಾಚಬೇಕಾಗಿದ್ದ ಕೈಗಳು ತಬಲಾ ನುಡಿಸಿದವು.

1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳವರು ಲಿಂಗೈಕ್ಯರಾದರು. ಬದುಕಿದ್ದು 52 ವರ್ಷ. ಆಶ್ರಮದ ಭಾರ ಬಿದ್ದದ್ದು ಮೂವತ್ತರ ಹರೆಯದ ಪುಟ್ಟರಾಜರ ಮೇಲೆ, ಅವರಿಗೂ ಕಣ್ಣಿರಲಿಲ್ಲ. ಗುರುವಿನಿಂದ ಬಂದ ಜೋಳಿಗೆಯನ್ನು ಅವರು 2010ರ ಸೆಪ್ಟೆಂಬರ್ 17ರವರೆಗೆ, 66 ವರ್ಷ ಹೊತ್ತರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು. ಇಬ್ಬರ ಗದ್ದುಗೆಗಳೂ ಆಶ್ರಮದಲ್ಲಿಯೇ ಇವೆ. ದರ್ಶನಕ್ಕೆ ಹೋದವರು ಮಕ್ಕಳು ಊಟಕ್ಕೆ ಕೂಡುವ ಪಂಕ್ತಿಯನ್ನೂ ನೋಡಿ ಬರಬೇಕು.