ಕಲಿಯುತ್ತಲೇ ಆಳಿದ ಲಿಂಕನ್

ಅಮೆರಿಕೆಯ ಹದಿನಾರನೆಯ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್‌ರು 1809ರ ಫೆಬ್ರವರಿ 12ರಂದು ಕೆಂಟಕಿ ರಾಜ್ಯದ ಮರದ ದಿಮ್ಮಿಗಳ ಗುಡಿಸಲೊಂದರಲ್ಲಿ ಜನಿಸಿದರು. ಅವರು ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ. ಎರವಲು ತಂದ ಗ್ರಂಥಗಳನ್ನೋದಿ ವಕೀಲರಾದರು. ಪ್ರತಿನಿಧಿಸಭೆಯ ಸದಸ್ಯತ್ವವನ್ನು ಮುಗಿಸಿ ಬಂದ ಮೇಲೆ, ನಲವತ್ತರ ಪ್ರಾಯದಲ್ಲಿ, ಯೂಕ್ಲಿಡನ ರೇಖಾಗಣಿತದ ಆರು ಭಾಗಗಳನ್ನು ಅಭ್ಯಸಿಸಿದರು. ಇವೆಲ್ಲ ಬಹುಮಂದಿ ಬಲ್ಲ ಸಂಗತಿಗಳು. ಅಷ್ಟಾಗಿ ಪ್ರಚಾರದಲ್ಲಿಲ್ಲದ ಪ್ರಸಂಗವೊಂದು ಅವರ ವ್ಯಕ್ತಿತ್ವವನ್ನು ಇನ್ನೂ ಸ್ಪಷ್ಟವಾಗಿ ತೋರುತ್ತದೆ.

1855ರಲ್ಲಿ ಸಿನ್ಸಿನಾಟಿ ನಗರದಲ್ಲಿ, ಪೈರು ಕೊಯ್ಯುವ ಯಂತ್ರದ ಪೇಟೆಂಟಿಗೆ ಸಂಬಂಧಿಸಿದ ಮೊಕದ್ದಮೆಯೊಂದು ನಡೆಯಿತು. ಲಿಂಕನ್‌ರು ಪ್ರತಿವಾದಿಯ ಪರವಾಗಿ ಬಹಳ ಶ್ರಮವಹಿಸಿ ವಾದವನ್ನು ಸಿದ್ಧಪಡಿಸಿಕೊಂಡು ಹೋಗಿದ್ದರು. ಅದೇ ಪಕ್ಷದ ಹೆಸರಾಂತ ವಕೀಲರಾದ ಎಡ್ವಿನ್ ಸ್ಟ್ಯಾಂಟನ್‌ರು ಈ ಹಳ್ಳಿಗಾಡಿನ ಉಡುಗೆಯ ನೀಳಕಾಯದ ಮನುಷ್ಯನನ್ನು ಕಂಡು ಮೂಗುಮುರಿದರು. ಲಿಂಕನ್‌ರಿಗೆ ವಾದಿಸುವ ಅವಕಾಶವೇ ದೊರೆಯಲಿಲ್ಲ. ಬೇರೊಬ್ಬರಾಗಿದ್ದರೆ ಅಂದೇ ಊರಿಗೆ ಮರಳುತ್ತಿದ್ದರೇನೋ! ಲಿಂಕನ್‌ರಿಗೂ ನೋವಾಗದೆ ಇರಲಿಲ್ಲ. ಆದರೂ ಅವರು ಪ್ರೇಕ್ಷಕರ ನಡುವೆ ಕುಳಿತು, ವಿಚಾರಣೆ ಮುಗಿಯುವವರೆಗೂ ಆ ವಿದ್ವಾಂಸರ ವಾದಗಳನ್ನು ಏಕಚಿತ್ತದಿಂದ ಆಲಿಸಿದರು. ಕಾಲೇಜಿನಲ್ಲಿ ಕಲಿತು ಬಂದ ಇಂಥವರ ಮುಂದೆ ತಮ್ಮ ಸಿದ್ಧತೆ ಸಾಲದೆಂಬುದನ್ನು ಮನಗಂಡು, ಕಾನೂನನ್ನು ಮತ್ತೆ ಅಭ್ಯಸಿಸುವ ನಿರ್ಧಾರದೊಡನೆ ಹಿಂತಿರುಗಿದರು.

ಗುಲಾಮಗಿರಿಯ ಪ್ರಶ್ನೆಯಿಂದ ಹೊತ್ತಿಕೊಂಡ ಅಂತರ್ಯುದ್ಧದ ನಡುವೆ, 1862ರ ಜನವರಿಯಲ್ಲಿ, ಯುದ್ಧಖಾತೆಗೆ ಸಮರ್ಥರೊಬ್ಬರು ಬೇಕಾದರು. ಅಧ್ಯಕ್ಷ ಲಿಂಕನ್‌ರು ಆರಿಸಿದ್ದು ಅದೇ ಸ್ಟ್ಯಾಂಟನ್‌ರನ್ನು. ಇದನ್ನು ಕ್ಷಮಾಗುಣವೆಂದು ಕೊಂಡಾಡುವುದು ವಾಡಿಕೆ. ಅಪಮಾನದ ಆ ದಿನಗಳಲ್ಲಿಯೂ ಅಪಮಾನಿಸಿದವರ ಸಾಮರ್ಥ್ಯವನ್ನು ಅಳೆಯಬಲ್ಲ ಕಣ್ಣು ಅವರಿಗಿದ್ದಿತೆಂಬುದೇ ಇದಕ್ಕಿಂತ ಹಿರಿದೆಂದು ನಮಗೆ ತೋರುತ್ತದೆ. ಯುದ್ಧಶಾಸ್ತ್ರವನ್ನರಿಯದ ಅವರು ಅದೇ ಚಳಿಗಾಲದಲ್ಲಿ ಸಂಸತ್ತಿನ ಗ್ರಂಥಾಲಯದಿಂದ ಆ ವಿಷಯದ ಗ್ರಂಥವನ್ನು ತರಿಸಿಕೊಂಡು ಓದತೊಡಗಿದರು.

ಓದಿದವರಿಗೆ ಸ್ವಂತ ಅಭಿಪ್ರಾಯಗಳು ಮೂಡುವುದು ಸಹಜ. ವಿಕ್ಸ್‌ಬರ್ಗ್ ಕೋಟೆಯನ್ನು ಗೆಲ್ಲಲು ಸೇನಾನಿ ಗ್ರಾಂಟ್‌ರು ಹಿಡಿದ ಮಾರ್ಗ ಸರಿಯಲ್ಲವೆಂದು ಲಿಂಕನ್‌ರು ಭಾವಿಸಿದ್ದರು. 1863ರ ಜುಲೈ 4ರಂದು ಕೋಟೆ ವಶವಾಯಿತು. ವಿಜಯೋತ್ಸಾಹದಲ್ಲಿ ಆ ಸಂದೇಹವನ್ನು ಮರೆಯಿಸಿಬಿಡಬಹುದಾಗಿತ್ತು. ಆದರೆ ಜುಲೈ 13ರಂದು, ತಾವು ಮುಖತಃ ಕಂಡ ನೆನಪೂ ಇಲ್ಲದ ಆ ಸೇನಾನಿಗೆ ಪತ್ರ ಬರೆದು, ಅವರ ಎಣಿಕೆಯೇ ಸರಿ, ತಮ್ಮದು ತಪ್ಪು ಎಂದು ಒಪ್ಪಿಕೊಂಡರು. ದೇಶದ ಸರ್ವಸೇನಾಧಿಪತ್ಯವೂ ಅಧ್ಯಕ್ಷರದೇ ಆಗಿದ್ದುದನ್ನು ಇಲ್ಲಿ ನೆನೆಯಬೇಕು.

1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ನಾಟಕಮಂದಿರದಲ್ಲಿ ಲಿಂಕನ್‌ರಿಗೆ ಗುಂಡೇಟು ಬಿದ್ದಿತು. ಎದುರಿನ ಮನೆಯೊಂದರಲ್ಲಿ ಅವರು ಪ್ರಜ್ಞಾಹೀನರಾಗಿ ಮಲಗಿದ್ದಾಗ, ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಇರುಳಿಡೀ ಕುಳಿತು ರಾಜ್ಯಭಾರದ ಆಜ್ಞೆಗಳನ್ನು ಹೊರಡಿಸುತ್ತಿದ್ದವರು ಸ್ಟ್ಯಾಂಟನ್‌ರು. ಮರುದಿನ ಬೆಳಿಗ್ಗೆ ಲಿಂಕನ್‌ರು ಕೊನೆಯುಸಿರೆಳೆದಾಗ ಅವರು ಹಾಸಿಗೆಯ ಬಳಿಯಲ್ಲಿಯೇ ಇದ್ದರು.