ಮುಹಮ್ಮದ್ ಬಿನ್ ತುಘಲಕ್: ಸಾಂಕೇತಿಕ ನಾಣ್ಯ ಮತ್ತು ಬೀದರ ಸೀಮೆ

ಕನ್ನಡದ ಓದುಗರಿಗೆ ಮುಹಮ್ಮದ್ ಬಿನ್ ತುಘಲಕನ ತಾಮ್ರದ ನಾಣ್ಯ ಪರಿಚಿತವಾದುದು ಮುಖ್ಯವಾಗಿ 1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ನಾಟಕದ ಮೂಲಕ. ಆದರೆ ಈತನ ಆರಂಭದ ಜಯವೂ ಕೊನೆಗಾಲದ ಸೋಲೂ ಬೀದರ ಸೀಮೆಯೊಂದಿಗೆ ಹೆಣೆದುಕೊಂಡಿರುವುದು ಸಾಕಷ್ಟು ಗಮನ ಸೆಳೆದಿಲ್ಲ.

ಗಿಯಾಸುದ್ದೀನ್ ತುಘಲಕನ ಮಗನಾದ ಈತನ ಮೊದಲ ಹೆಸರು ಜೌನಾ. 1320ರಲ್ಲಿ ತಂದೆ ಪಟ್ಟವೇರಿದ ಮೇಲೆ ಉಲುಘ್ ಖಾನ್ ಎಂಬ ಬಿರುದು ದೊರೆಯಿತು. ವರಂಗಲ್ಲಿನ ಮೇಲಿನ ಮೊದಲ ದಂಡಯಾತ್ರೆ ವಿಫಲವಾಯಿತು. ಎರಡನೆಯ ಸಲ ಆತನು ದಾರಿಯಲ್ಲಿ ಬೀದರ ಕೋಟೆಯನ್ನು ವಶಪಡಿಸಿಕೊಂಡು, 1323ರಲ್ಲಿ ವರಂಗಲ್ಲನ್ನು ಗೆದ್ದು ಕಾಕತೀಯ ಪ್ರತಾಪರುದ್ರನನ್ನು ಸೆರೆಹಿಡಿದನು. 1325ರಲ್ಲಿ ಸುಲ್ತಾನನಾದನು. ಗಲಭೆಯಲ್ಲಿ ಪೂಜೆ ನಿಂತುಹೋಗಿದ್ದ ಕಲ್ಯಾಣದ ಮಧುಕೇಶ್ವರ ದೇವಾಲಯವನ್ನು ಆತನ ಅಧಿಕಾರಿಗಳು ಪುನಃ ವ್ಯವಸ್ಥೆಗೊಳಿಸಿದುದನ್ನು 1326ರ ಸಂಸ್ಕೃತ ಶಾಸನ ತಿಳಿಸುತ್ತದೆ. ಮರುವರ್ಷ ದೌಲತಾಬಾದ್ ರಾಜಧಾನಿಯಾಗಿ ರೂಪುಗೊಳ್ಳತೊಡಗಿತು.

ಹಿಜರಿ 730ರಿಂದ 732ರವರೆಗೆ, ಎಂದರೆ 1329ರಿಂದ 1332ರ ನಡುವೆ, ಬೆಳ್ಳಿಯ ಟಂಕದ ಬೆಲೆಗೆ ತಾಮ್ರ ಹಾಗೂ ಹಿತ್ತಾಳೆಯ ನಾಣ್ಯಗಳು ಚಲಾವಣೆಗೆ ಬಂದವು. ಬೃಹತ್ ಸೈನ್ಯದ ವೇತನವೇ ಇದಕ್ಕೆ ಕಾರಣವೆಂದು ಸಮಕಾಲೀನ ಇತಿಹಾಸಕಾರ ಬರನಿ ಸೂಚಿಸುತ್ತಾನೆ. ಬೆಳ್ಳಿಯ ಅಭಾವವನ್ನು ಆಧುನಿಕ ವಿದ್ವಾಂಸರು ಮುಂದಿಡುತ್ತಾರೆ. ಚೀನಾದ ಕಾಗದದ ಹಣ ಇದಕ್ಕೆ ಪೂರ್ವನಿದರ್ಶನವಾಗಿತ್ತು. ಆದರೆ ಲೋಹ ಎಲ್ಲರಿಗೂ ಸಿಗುವಂಥದ್ದು. ಮುದ್ರೆಯನ್ನು ಅನುಕರಿಸುವುದು ಕಷ್ಟವಾಗಿರಲಿಲ್ಲ. ಖೋಟಾ ನಾಣ್ಯಗಳು ಹೆಚ್ಚಿದಾಗ ಸುಲ್ತಾನನು ಯೋಜನೆಯನ್ನು ಹಿಂತೆಗೆದುಕೊಂಡು, ಬೊಕ್ಕಸದಿಂದ ಚಿನ್ನ, ಬೆಳ್ಳಿಯನ್ನು ತೆತ್ತನು.

ಇಂತಹ ನಾಣ್ಯಗಳನ್ನು ಗುರುತಿಸುವಲ್ಲಿ ಬರಹವೇ ಪ್ರಧಾನ ಆಧಾರ. ಇದು ಟಂಕವೆಂದು ಸಾರುವ ಪಾರಸಿ ಒಕ್ಕಣೆ, ಸುಲ್ತಾನನಿಗೆ ವಿಧೇಯರಾಗಿರಬೇಕೆಂಬ ಆದೇಶ, ಟಂಕಸಾಲೆಯ ಹೆಸರು ಮತ್ತು ಹಿಜರಿ ವರ್ಷ ಇದರ ಲಕ್ಷಣಗಳು. ಪೂರ್ಣ ಮೌಲ್ಯದ ನಾಣ್ಯದ ತೂಕ ಸುಮಾರು 9 ಗ್ರಾಂ. ಬೀದರ, ಭಾಲ್ಕಿ, ಔರಾದ್ ಪ್ರದೇಶವು ದೌಲತಾಬಾದಿಗೂ ಸುಲ್ತಾನಪುರವೆಂದು ಹೆಸರು ಪಡೆದ ವರಂಗಲ್ಲಿಗೂ ನಡುವೆ ಇದೆ. ಈ ಎರಡು ಹೆಸರುಗಳೂ ಸಾಂಕೇತಿಕ ನಾಣ್ಯಗಳ ಮೇಲೆ ಕಾಣುತ್ತವೆ. ಆದುದರಿಂದ ಈ ಸೀಮೆಯಲ್ಲಿ ದೊರೆಯುವ ತಾಮ್ರದ ನಾಣ್ಯವನ್ನು ಬಹಮನಿ ಕಾಲದ್ದೆಂದು ನಿರ್ಣಯಿಸುವ ಮೊದಲು ಬರಹವನ್ನು ಪರಿಶೀಲಿಸುವುದು ಅಗತ್ಯ. ಅಕ್ಷರ ಒರಟಾಗಿದ್ದು ತೂಕ ಕಡಿಮೆಯಿದ್ದರೆ ಖೋಟಾ ನಾಣ್ಯವಿರಬಹುದು. ಆ ಕಾಲದ ಜನರ ಆರ್ಥಿಕ ವರ್ತನೆಗೆ ಅದೂ ಸಾಕ್ಷಿಯೇ.

ನಾಣ್ಯ ಹಿಂದೆ ಸರಿದರೂ ಹಣದ ಒತ್ತಡ ಉಳಿಯಿತು. ಒಂದು ಕೋಟಿ ಟಂಕಕ್ಕೆ ಬೀದರ ಸೀಮೆಯ ಕಂದಾಯವನ್ನು ಗುತ್ತಿಗೆ ಹಿಡಿದ ನುಸ್ರತ್ ಖಾನ್ ಅದನ್ನು ತೆರಲಾರದೆ ಕೋಟೆಯೊಳಗೆ ಸೇರಿ ದಂಗೆಯೆದ್ದನು. ಆ ಬಳಿಕ ಅಲಿ ಶಾಹನೂ ಬೀದರವನ್ನು ಹಿಡಿದನು. ಕುತ್ಲುಘ್ ಖಾನ್ ಇಬ್ಬರನ್ನೂ ಅಡಗಿಸಿದನಾದರೂ, 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ದಖ್ಖನ್ ದೆಹಲಿಯ ಕೈತಪ್ಪಿತು. 1351ರಲ್ಲಿ ಸಿಂಧ್‌ನ ಥಟ್ಟಾ ಸಮೀಪ ಸುಲ್ತಾನನು ಮರಣಹೊಂದಿದನು.

ಹೀಗೆ ನೋಡಿದಾಗ, ಆತನ ನಾಣ್ಯಪ್ರಯೋಗವನ್ನು ಕೇವಲ ಹುಚ್ಚಾಟವೆಂದು ತಳ್ಳಿಹಾಕುವುದು ಸರಿಯಾಗಲಾರದು. ದೂರದ ಕೋಟೆಗಳನ್ನು ಗೆದ್ದ ಪ್ರಭುತ್ವವೊಂದು ಅವುಗಳನ್ನು ಉಳಿಸಿಕೊಳ್ಳಲು ತೆರಬೇಕಾದ ಬೆಲೆಯ ಲೆಕ್ಕ ಅದರಲ್ಲಿದೆ.