ಗಡಿರೇಖೆ ಮತ್ತು ಪ್ರಾತಿನಿಧ್ಯ: ಬಾರ್ಬರಾ ಜೋರ್ಡನ್ ಅವರ ಬದುಕು

ಪ್ರಜಾಪ್ರಭುತ್ವದಲ್ಲಿ ಮತದಾರರು ಪ್ರತಿನಿಧಿಯನ್ನು ಆರಿಸುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆ ಮತದಾರರು ಯಾರು ಎಂಬುದನ್ನು ಕ್ಷೇತ್ರದ ಗಡಿರೇಖೆ ಮೊದಲೇ ನಿರ್ಧರಿಸಿರುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಬಾರ್ಬರಾ ಜೋರ್ಡನ್ (1936-1996) ಅವರ ಬದುಕನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಜೋರ್ಡನ್ ಹುಟ್ಟಿದ್ದು ಹ್ಯೂಸ್ಟನ್ ನಗರದ ಫಿಫ್ತ್ ವಾರ್ಡ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಾದ್ರಿ. ವರ್ಣಭೇದವು ಕಾನೂನಾಗಿದ್ದ ಆ ಕಾಲದಲ್ಲಿ ಅವರು ಓದಿದ ಪ್ರೌಢಶಾಲೆಗೆ, ಗುಲಾಮಳಾಗಿದ್ದು ಕವಯಿತ್ರಿಯಾದ ಫಿಲಿಸ್ ವೀಟ್ಲಿಯ ಹೆಸರಿತ್ತು. ಆ ಶಾಲೆಗೆ ಬಂದು ಮಾತನಾಡಿದ ಷಿಕಾಗೋದ ಕಪ್ಪು ವಕೀಲೆ ಎಡಿತ್ ಸ್ಯಾಂಪ್ಸನ್ ಅವರಿಂದ ಪ್ರೇರಿತರಾಗಿ ಜೋರ್ಡನ್ ವಕೀಲಿ ವೃತ್ತಿಯನ್ನು ಗುರಿಯಾಗಿಸಿಕೊಂಡರು. 1956ರಲ್ಲಿ ಅವರು ಪದವಿ ಪಡೆದ ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯವು, ಬಿಳಿಯರ ವಿಶ್ವವಿದ್ಯಾಲಯಕ್ಕೆ ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಪ್ಪಿಸಲು 1947ರಲ್ಲಿ ರಾಜ್ಯವೇ ಕಟ್ಟಿದ ಸಂಸ್ಥೆ. ಹೊರಗಿಡಲು ಕಟ್ಟಿದ ಆ ಸಂಸ್ಥೆಯ ಚರ್ಚಾಕೂಟದಲ್ಲಿಯೇ ಅವರ ವಾಕ್ಶಕ್ತಿ ಹದಗೊಂಡಿತು ಎಂಬುದು ಗಮನಾರ್ಹ. 1959ರಲ್ಲಿ ಬಾಸ್ಟನ್ನಿನಲ್ಲಿ ಕಾನೂನು ಪದವಿ ಪಡೆದ ಅವರು, ಬಳಿಕ ಹ್ಯೂಸ್ಟನ್ನಿಗೆ ಮರಳಿ ಹೆತ್ತವರ ಮನೆಯ ಊಟದ ಮೇಜಿನ ಮೇಲೆಯೇ ವಕೀಲಿಯನ್ನು ಆರಂಭಿಸಿದರು.

1962 ಮತ್ತು 1964ರಲ್ಲಿ ರಾಜ್ಯದ ಕೆಳಮನೆಗೆ ಸ್ಪರ್ಧಿಸಿ ಅವರು ಸೋತರು. ಆಗ ಪ್ರತಿಯೊಂದು ಸ್ಥಾನಕ್ಕೂ ಇಡೀ ಹ್ಯಾರಿಸ್ ಕೌಂಟಿ ಮತ ಹಾಕುತ್ತಿದ್ದುದರಿಂದ ಫಿಫ್ತ್ ವಾರ್ಡಿನ ಬೆಂಬಲ ಅಲ್ಪಸಂಖ್ಯೆಯಾಗಿ ಕರಗಿಹೋಗುತ್ತಿತ್ತು. ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಬೇಕೆಂಬ 1964ರ ಸುಪ್ರೀಂ ಕೋರ್ಟ್ ತೀರ್ಪಿನ ತರುವಾಯ ಟೆಕ್ಸಾಸ್ ತನ್ನ ಗಡಿಗಳನ್ನು ಮತ್ತೆ ಎಳೆಯಬೇಕಾಯಿತು. ಹೊಸದಾಗಿ ರೂಪುಗೊಂಡ 11ನೆಯ ಸೆನೆಟ್ ಕ್ಷೇತ್ರದಿಂದ 1966ರಲ್ಲಿ ಅವರು ಗೆದ್ದರು. 1883ರ ಬಳಿಕ ಆ ಮೇಲ್ಮನೆಯನ್ನು ಪ್ರವೇಶಿಸಿದ ಮೊದಲ ಕಪ್ಪು ಸದಸ್ಯರು ಅವರೇ. ಅಭ್ಯರ್ಥಿ ಬದಲಾಗಿರಲಿಲ್ಲ, ಬದಲಾದುದು ಗಡಿ.

ಆದರೆ ಅದೇ ಗಡಿ ಮುಂದೆ ಅವರಿಗೆ ನೈತಿಕ ಇಕ್ಕಟ್ಟನ್ನೂ ತಂದಿತು. 1971ರ ಪುನರ್ವಿಂಗಡಣೆಯಲ್ಲಿ ಸಂಸತ್ತಿನ 18ನೆಯ ಕ್ಷೇತ್ರ ಅವರಿಗೆ ಅನುಕೂಲವಾಗಿ ರೂಪುಗೊಂಡಿತು. ಅವರ ಸೆನೆಟ್ ಕ್ಷೇತ್ರದಲ್ಲಿ ಮಾತ್ರ ಕಪ್ಪು ಮತದಾರರ ಬಲ ಕುಗ್ಗಿತು. ತಮ್ಮ ಏಳಿಗೆಗಾಗಿ ಸಮುದಾಯದ ಸ್ಥಾನವನ್ನು ಬಿಟ್ಟುಕೊಟ್ಟರೆಂದು ಹ್ಯೂಸ್ಟನ್ನಿನ ಕಪ್ಪು ಶಾಸಕ ಕರ್ಟಿಸ್ ಗ್ರೇವ್ಸ್ ಆರೋಪಿಸಿ, ಅವರ ವಿರುದ್ಧವೇ ಸ್ಪರ್ಧಿಸಿದರು. 1972ರಲ್ಲಿ ಜೋರ್ಡನ್ ಸುಲಭವಾಗಿ ಗೆದ್ದರು. ಆದರೆ ಟೆಕ್ಸಾಸ್ ಸೆನೆಟ್‌ಗೆ ಮತ್ತೊಬ್ಬ ಕಪ್ಪು ಸದಸ್ಯ ಬರಲು 1983ರವರೆಗೆ ಕಾಯಬೇಕಾಯಿತು. ಆರೋಪವನ್ನು ಪೂರ್ಣವಾಗಿ ಒಪ್ಪದಿದ್ದರೂ ಈ ಅಂತರವನ್ನು ಅಲ್ಲಗಳೆಯಲಾಗದು.

ನಿಕ್ಸನ್ ಮಹಾಭಿಯೋಗದ ವಿಚಾರಣೆಯಲ್ಲಿ 1974ರ ಜುಲೈ 25ರಂದು ಮಾಡಿದ ಸಂವಿಧಾನಪರ ಭಾಷಣ ಅವರಿಗೆ ರಾಷ್ಟ್ರಖ್ಯಾತಿ ತಂದಿತು. ಆದರೆ ಪ್ರಾತಿನಿಧ್ಯದ ದೃಷ್ಟಿಯಿಂದ 1975ರಲ್ಲಿ ಮತದಾನ ಹಕ್ಕು ಕಾಯಿದೆಯನ್ನು ಭಾಷಾ ಅಲ್ಪಸಂಖ್ಯಾತರಿಗೆ ವಿಸ್ತರಿಸುವಲ್ಲಿ ಅವರು ವಹಿಸಿದ ಪಾತ್ರ ಇನ್ನೂ ಹಿರಿದು. ಅದರಿಂದ ಸ್ಪ್ಯಾನಿಷ್ ಭಾಷಿಕರಿಗೆ ತಮ್ಮ ನುಡಿಯಲ್ಲಿ ಮತಪತ್ರ ದೊರೆಯಿತು. ಟೆಕ್ಸಾಸ್ ಗಡಿ ಬದಲಿಸಲು ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು. ಈ ನಿರ್ಬಂಧ 2013ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಉಳಿಯಿತು.

1979ರಲ್ಲಿ ಅವರು ಸಂಸತ್ತನ್ನು ತೊರೆದು ಆಸ್ಟಿನ್ನಿನಲ್ಲಿ ಪ್ರಾಧ್ಯಾಪಕರಾದರು. ಅವರ ಉತ್ತರಾಧಿಕಾರಿ ಮಿಕಿ ಲೀಲ್ಯಾಂಡ್ ಕೂಡ ವೀಟ್ಲಿ ಶಾಲೆಯ ವಿದ್ಯಾರ್ಥಿಯೇ. ಶಾಲೆ ನಾಯಕರನ್ನು ರೂಪಿಸಬಲ್ಲದು. ಅವರಿಗೆ ಸದನದ ಬಾಗಿಲು ತೆರೆಯಬೇಕಾದರೆ ಗಡಿರೇಖೆಯೂ ನ್ಯಾಯವಾಗಿರಬೇಕು ಎಂಬುದನ್ನು ಜೋರ್ಡನ್ ಅವರ ಬದುಕು ಸ್ಪಷ್ಟಪಡಿಸುತ್ತದೆ.